ಲಾಡ್ಜಿಗೆ ಕಟ್ಟಿದ ಬುತ್ತಿ

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಅವರೇ ಬೇಡವೆಂದರು. “ನನ್ನ ಹೆಸರಿನವ್ರು ಅಬ್ಬಿಗೇರ್ಯಾಗ ಹತ್ತ ಮಂದಿ ಅದಾರ. ಒಬ್ಬಾಕಿ ತಾನ ಅಂತ ಮೆರದಾಡ್ತಾಳ, ಇನ್ನೊಬ್ಬಾಕಿ ನಾ ಅಲ್ಲ ಅಂತ ಜಗಳಾ ತಗೀತಾಳ. ಸುಮ್ನ ಅಡಿಗಿ ಅತ್ತಿ ಅಂತ ಬರಿ.”

ನಾವು ಕರೆಯುತ್ತಿದ್ದದ್ದೂ ಹಾಗೆಯೇ. ರೋಣದ ರಸ್ತೆಯ ಮೇಲಿದ್ದ ನಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದ ಮೂವರಲ್ಲಿ ಅವರೇ ಹಿರಿಯರು. ತವರುಮನೆ ಸೂಡಿ, ಕೊಟ್ಟ ಮನೆ ಅಬ್ಬಿಗೇರಿ. ಗಿಡ್ಡ ಆಳು, ಗಟ್ಟಿ ಮೈ. ಮುಂಜಾನೆ ಸೊಂಟಕ್ಕೆ ಸೆರಗು ಸಿಕ್ಕಿಸಿದರೆ ಸಂಜೆ ಪಾತ್ರೆ ಬೋರಲು ಹಾಕುವವರೆಗೆ ಬಿಚ್ಚುತ್ತಿರಲಿಲ್ಲ.

ಅವರದೊಂದು ಅಭ್ಯಾಸವಿತ್ತು. ಪ್ರಾರ್ಥನೆಯ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಕೈ ಮುಗಿಯುತ್ತಿರಲಿಲ್ಲ, ಹಾಡುತ್ತಿರಲಿಲ್ಲ, ಸಾಲುಸಾಲಾಗಿ ನಮ್ಮ ಮುಖ ನೋಡುತ್ತಿದ್ದರು. ಪ್ರಾರ್ಥನೆ ಮುಗಿಯುತ್ತಲೇ ಒಬ್ಬಿಬ್ಬರನ್ನು ಬೆರಳು ಮಾಡಿ ಕರೆಯುತ್ತಿದ್ದರು.

“ಮುಂಜಾನೆ ಏನ ತಿಂದಿ?”

“ರೊಟ್ಟಿ ತಿಂದೇನ್ರಿ.”

“ಎದರ ಜೋಡಿ?”

ಖರೇ ತಿಂದವರು ತಟ್ಟನೆ ಪಲ್ಯದ ಹೆಸರು ಹೇಳುತ್ತಿದ್ದರು. ಸುಳ್ಳು ಹೇಳಿದವರು ಅರೆಗಳಿಗೆ ತಡವರಿಸುತ್ತಿದ್ದರು. ಆ ಅರೆಗಳಿಗೆ ಸಾಕಿತ್ತು. ಕೈಗೆ ಒಂದು ಲೋಟ ಬಿಸಿ ಹಾಲು, ಒಂದು ಹಿಡಿ ಹುರಿದ ಶೇಂಗಾ ಬರುತ್ತಿತ್ತು. ಪ್ರಾರ್ಥನೆಯಲ್ಲಿ ತಲೆಸುತ್ತಿ ಬಿದ್ದ ಹುಡುಗಿಯೊಬ್ಬಳನ್ನು ಮೊದಲೊಮ್ಮೆ ಎತ್ತಿ ತಂದವರು ಅವರೇ ಅಂತೆ. ಆಮೇಲೆ ಅವರ ಕಣ್ಣೆದುರು ಯಾರೂ ಬೀಳಲಿಲ್ಲ.

ನಾನು ಅಸೂಟಿಯ ರೈತರ ಮನೆಯವಳು. ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಪಿ.ಟಿ. ಸರ್ ನಾಲ್ಕು ಹುಡುಗಿಯರನ್ನು ಕುಸ್ತಿಗೆ ಇಳಿಸಿದರು. ಅವರಲ್ಲಿ ನಾನೊಬ್ಬಳು. ಸರ್ ಪ್ರಾಯದಲ್ಲಿ ಗರಡಿಯ ಪೈಲ್ವಾನರಾಗಿದ್ದವರು. ಹಳೆಯ ಗಾದಿಗಳನ್ನು ಹೊಲಿಸಿ ಮ್ಯಾಟ್ ಮಾಡಿಕೊಂಡು ನಮಗೆ ಪಟ್ಟು ಕಲಿಸಿದರು. ಜಿಲ್ಲೆಯಲ್ಲಿ ನಾಲ್ವರೂ ಗೆದ್ದೆವು. ಮುಂದಿನ ಪಂದ್ಯ ಬೆಳಗಾವಿಯಲ್ಲಿ. ಹುಡುಗಿಯರ ಜೊತೆ ಒಬ್ಬ ಹೆಂಗಸು ಹೋಗಲೇಬೇಕು. ಸಾಲೆಯಲ್ಲಿದ್ದ ಇಬ್ಬರು ಶಿಕ್ಷಕಿಯರಲ್ಲಿ ಒಬ್ಬರಿಗೆ ಹಸುಗೂಸು, ಇನ್ನೊಬ್ಬರು ತರಬೇತಿಗೆ ಹೋಗಿದ್ದರು. ಹೆಡ್‌ಮಾಸ್ತರರು ಅಡಿಗೆಮನೆಗೇ ಬಂದರು.

“ಅಕ್ಕಾರ, ನೀವ ಹೋಗಿ ಬರ್ರಿ.”

“ನಾ ಲಾಡ್ಜ ಅನ್ನೂದ ನೋಡಿಲ್ರಿ ಸರ್ರ.”

“ನೋಡಿದಂಗ ಆಕ್ಕೈತಿ, ಹೋಗ್ರಿ.”

ಅಲ್ಲಿ ಊಟ ತಿಂಡಿಗೆ ತೊಂದರೆಯಿಲ್ಲ, ಹೋಟೆಲುಗಳಿವೆ ಎಂದು ಎಲ್ಲರೂ ಹೇಳಿದ್ದರು. ಅತ್ತಿ ಏನನ್ನೂ ಕಟ್ಟಿಕೊಳ್ಳಲಿಲ್ಲ.

ಕುಸ್ತಿಯಲ್ಲಿ ತೂಕ ನೋಡುವುದು ಮುಂಜಾನೆ. ಹೊಟ್ಟೆ ಖಾಲಿ ಇಟ್ಟುಕೊಂಡು ತಕ್ಕಡಿಯ ಮೇಲೆ ನಿಲ್ಲಬೇಕು. ತೂಕ ಆದಮೇಲೆ ಕುಸ್ತಿಗೆ ಎರಡು ಮೂರು ತಾಸು ಇರುತ್ತದೆ. ತಿನ್ನುವುದಾದರೆ ಆಗಲೇ ತಿನ್ನಬೇಕು, ಅದೂ ಮೈಗೆ ಹಿಡಿಯುವಂಥದ್ದನ್ನು. ಅವತ್ತು ಏಳಕ್ಕೆ ತೂಕ ಮುಗಿಯಿತು. ಲಾಡ್ಜಿನಲ್ಲಿ ನಾಷ್ಟಾ ಇರಲಿಲ್ಲ. ಆ ಓಣಿಯ ಹೋಟೆಲುಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಹುಡುಕಿ ಹುಡುಕಿ ಸಿಕ್ಕಿದ್ದು ಪೂರಿ, ಮಿರ್ಚಿಭಜಿಯ ಒಂದು ಗಾಡಿ. ಹಸಿದಿದ್ದೆವು, ತಿಂದೆವು. ನಮ್ಮಲ್ಲೊಬ್ಬಳು ಮ್ಯಾಟಿನ ಅಂಚಿಗೇ ವಾಂತಿ ಮಾಡಿಕೊಂಡಳು. ನನ್ನ ಕುಸ್ತಿಯಲ್ಲಿ ಎಣ್ಣೆ ಗಂಟಲಿಗೆ ಬರುತ್ತಿತ್ತು; ಎರಡು ನಿಮಿಷದಲ್ಲಿ ನನ್ನ ಬೆನ್ನು ಮ್ಯಾಟಿಗೆ ಹತ್ತಿತು. ನಾಲ್ವರೂ ಮಧ್ಯಾಹ್ನದೊಳಗೆ ಸೋತು ಚೀಲ ಕಟ್ಟಿದೆವು.

ವಾಪಸು ಬರುವಾಗ ಬಸ್ಸು ನರಗುಂದ ದಾಟಿತು. ಆಮೇಲೆ ಅತ್ತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

“ದಿನಾ ಇನ್ನೂರ ಮಂದಿಗಿ ಉಣಸ್ತೇನಿ. ನಾಕ ಹುಡುಗ್ಯಾರಿಗಿ ಒಂದ ಮುಂಜಾನೆ ಉಣಸಾಕ ಆಗ್ಲಿಲ್ಲ. ಇನ್ನೊಮ್ಮೆ ಹಿಂಗ ಆಗಂಗಿಲ್ಲ.”

ಅದು ಆಣೆ ಮಾಡಿದ ಹಾಗೆ ಇರಲಿಲ್ಲ. ನಾಳೆ ಬೇಳೆ ನೆನೆಸಬೇಕು ಎನ್ನುವ ದನಿಯಲ್ಲೇ ಹೇಳಿದರು.

ಮರುವಾರದಿಂದಲೇ ಶುರುವಾಯಿತು. ಒಲೆ ಇಲ್ಲದ, ಫ್ರಿಜ್ ಇಲ್ಲದ, ಒಂದು ಬಕೆಟ್ಟು ಮತ್ತು ಒಂದು ಸ್ಟೂಲು ಮಾತ್ರ ಇರುವ ಕೋಣೆಯಲ್ಲಿ ಮುಂಜಾನೆ ಏನು ತಿನ್ನಬಹುದು? ಇದನ್ನು ಅವರು ಸಿಕ್ಕಸಿಕ್ಕವರನ್ನು ಕೇಳಿದರು. ಹುಬ್ಬಳ್ಳಿಯ ದವಾಖಾನೆಗೆ ಮಂದಿಯನ್ನು ಕರೆದುಕೊಂಡು ಹೋಗಿ ವಾರಗಟ್ಟಲೆ ಇದ್ದು ಬಂದವರನ್ನು ಕೇಳಿದರು, ದೂರದ ಯಾತ್ರೆ ಮಾಡಿದ ಮುದುಕಿಯರನ್ನು ಕೇಳಿದರು, ಊರಿಗೆ ಬಂದು ತಂಗುವ ಬಸ್ಸಿನ ಕಂಡಕ್ಟರನನ್ನೂ ಬಿಡಲಿಲ್ಲ. ಕೇಳಿದ್ದನ್ನೆಲ್ಲ ಮನೆಯಲ್ಲಿ ಮಾಡಿ, ಅರಿವೆಯಲ್ಲಿ ಕಟ್ಟಿ, ಕಿಟಕಿಯ ಕಟ್ಟೆಯ ಮೇಲೆ ಎರಡು ದಿನ, ಮೂರು ದಿನ ಇಟ್ಟು, ತಾವೇ ತಿಂದು ನೋಡುತ್ತಿದ್ದರು. ಮೂರನೇ ದಿನದ ಇಡ್ಲಿ ತಿಂದು ಎರಡು ದಿನ ಸಾಲೆಗೆ ಬರಲಿಲ್ಲ. ಬಂದಾಗ ಮುಖ ಬಾಡಿತ್ತು, ಮಾತು ಮಾತ್ರ ಖಡಕ್ಕು.

“ಇಡ್ಲಿ ಬ್ಯಾಡ,” ಎಂದರು, ಯಾರೋ ಇಡ್ಲಿ ಬೇಕೆಂದು ಹಟ ಹಿಡಿದಿದ್ದ ಹಾಗೆ.

ಕೊನೆಗೆ ಉಳಿದವು ಕೆಲವೇ. ಹಾಲಿನಲ್ಲಿ ನಾದಿ, ಬೆಲ್ಲ ಹಾಕಿ ತಟ್ಟಿದ ದಶಮಿ. ಇದು ಎರಡು ದಿನ ಮೆತ್ತಗೆ ಇರುತ್ತದೆ. ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ, ವಾರ ಇಟ್ಟರೂ ಕೆಡುವುದಿಲ್ಲ. ಮೊಸರನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಒಗ್ಗರಣೆ ಹಾಕಿ ಹಚ್ಚಿದ ತೆಳು ಅವಲಕ್ಕಿ. ಹೊರಡುವ ದಿನ ಒದ್ದೆ ಅರಿವೆಯಲ್ಲಿ ಕಟ್ಟಿದರೆ ದಾರಿಯಲ್ಲೇ ಮೊಳಕೆಯೊಡೆಯುವ ಹೆಸರುಕಾಳು. ಮೊಟ್ಟೆ ತಿನ್ನುವ ಮನೆಯ ಹುಡುಗಿಯರಿಗೆ ಹೊರಡುವ ಮುಂಚೆ ಬೇಯಿಸಿದ ತತ್ತಿ, ಅದನ್ನು ಮರುದಿನ ಮುಂಜಾನೆಯೇ ಮುಗಿಸಬೇಕು. ಉಪ್ಪಿನಕಾಯಿಗೆ ಜಾಗ ಇರಲಿಲ್ಲ. “ನೀರಡಿಕಿ ಆಕ್ಕೈತಿ, ನೀರ ಕುಡದ ಹೊಟ್ಟಿ ಡಬ್ಬಾಗ್ತೈತಿ.”

ಪ್ರತಿಯೊಬ್ಬಳಿಗೂ ಪ್ರತಿ ಮುಂಜಾನೆಗೂ ಬೇರೆ ಬೇರೆ ಗಂಟು. ಮೊದಲ ದಿನದ್ದಕ್ಕೆ ಕೆಂಪು ದಾರ, ಎರಡನೆಯ ದಿನದ್ದಕ್ಕೆ ಬಿಳಿ ದಾರ. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ನಾವು ಬಸ್ಸಿನಲ್ಲೇ ಖಾಲಿ ಮಾಡುತ್ತೇವೆಂಬುದು ಅವರಿಗೆ ಗೊತ್ತಿತ್ತು. ಒಂದು ಕಡೆ ಲಾಡ್ಜಿನ ಮ್ಯಾನೇಜರ್ ಕೋಣೆಯಲ್ಲಿ ತಿನ್ನುವಂತಿಲ್ಲ, ಇರುವೆ ಆಗುತ್ತವೆ ಎಂದು ತಕರಾರು ತೆಗೆದ. ಅತ್ತಿ ಅವನ ಕಸಬರಿಗೆಯನ್ನೇ ಇಸಿದುಕೊಂಡು ನಾವಿದ್ದ ಕೋಣೆ, ಅದರ ಮುಂದಿನ ಪಡಸಾಲೆ, ಮೆಟ್ಟಿಲು, ಎಲ್ಲವನ್ನೂ ಗುಡಿಸಿದರು. “ಈಗ ಹೇಳ್ರಿ, ನಾವ ಬರೂಕಿಂತ ಮದಲ ಇರವಿ ಎಷ್ಟಿದ್ವು?” ಅವನು ನಕ್ಕು ಒಂದು ಥರ್ಮಾಸಿನಲ್ಲಿ ಬಿಸಿನೀರು ಕಳಿಸಿಕೊಟ್ಟ.

ಇನ್ನು ನನ್ನ ಸಂಗತಿಗೆ ಬರುತ್ತೇನೆ.

ಹತ್ತನೇ ತರಗತಿಯಲ್ಲಿದ್ದಾಗ ದಾವಣಗೆರೆಯಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು. ಮುಂಜಾನೆ ಯಾರು ಎಷ್ಟು ತೂಗುತ್ತಾರೋ ಆ ತೂಕದ ಗುಂಪಿನಲ್ಲಿ ಹೆಸರು. ಗುಂಪಿಗೆ ಒಬ್ಬಳೇ, ಮೊದಲು ಬಂದವಳು ಮಾತ್ರ, ರಾಷ್ಟ್ರಮಟ್ಟಕ್ಕೆ. ನಾನು ಆಡುತ್ತಿದ್ದದ್ದು ನಲವತ್ತಾರು ಕಿಲೋದಲ್ಲಿ. ಆ ಗುಂಪಿನಲ್ಲಿ ನನಗೆ ಸರಿಸಾಟಿ ಇಲ್ಲವೆಂದು ಸರ್ ನಂಬಿದ್ದರು, ನಾನೂ ನಂಬಿದ್ದೆ. ಹಿಂದಿನ ದಿನ ಮಧ್ಯಾಹ್ನ ಲಾಡ್ಜಿಗೆ ಬಂದು ಸರ್ ತಂದಿದ್ದ ಸಣ್ಣ ಮಷಿನ್ನಿನ ಮೇಲೆ ನಿಂತರೆ ನಲವತ್ತೇಳೂವರೆ! ಆ ವರ್ಷ ನಾನು ಎತ್ತರ ಬೆಳೆದಿದ್ದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸರ್ ಎರಡು ಸ್ವೆಟರ್ ಕೊಟ್ಟರು. ನೀರು ಕುಡಿಯಬೇಡ, ಬೆವರು ಹರಿಯುವವರೆಗೆ ಓಡು ಎಂದರು. ನಾನು ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಅತ್ತಿ ಪಡಸಾಲೆಯಲ್ಲಿ ಸರ್ ಅವರನ್ನು ತಡೆದು ನಿಲ್ಲಿಸಿದರು.

“ಸರ್ರ, ಈ ಹುಡುಗಿ ಖಾಲಿ ಹೊಟ್ಟೀಲೆ ಅದಾಳ.”

“ಗೊತ್ತೈತ್ರಿ ಅಕ್ಕಾರ. ನಾಳಿ ತೂಕ ಆದ ಮ್ಯಾಲ ನಿಮ್ಮ ಗಂಟ ಬಿಚ್ಚರಿ. ಮ್ಯಾಲಿನ ಗುಂಪಿಗಿ ಹೋದ್ರ ಇಕಿಗಿಂತ ದೊಡ್ಡ ಹುಡುಗ್ಯಾರ ಸಿಗ್ತಾರ.”

“ಸಿಗ್ಲಿ.”

“ಸೋತ್ರ?”

“ಸೋಲ್ಲಿ. ಕಾಲ ಮ್ಯಾಲ ನಿಂತ ಸೋಲ್ಲಿ. ಇಕಿ ಏನ ಮಾಳಿಗಿ ಮ್ಯಾಲ ಒಣಗಸೂ ಶಂಡಿಗೇನ್ರಿ?”

“ಕುಸ್ತಿ ನಿಮಗ ತಿಳಿಯಾಂಗಿಲ್ರಿ.”

“ಹೌದ್ರಿ, ಕುಸ್ತಿ ತಿಳಿಯಾಂಗಿಲ್ಲ. ಹಸಿವಿ ತಿಳೀತೈತಿ. ಹಸದ ಹುಡುಗ್ಯಾರ ಮಾರಿ ನಾ ವರ್ಷಾನಗಟ್ಲೆ ನೋಡೇನಿ.”

ಸರ್ ಕೆಟ್ಟವರಲ್ಲ. ಅವರ ಕಾಲದಲ್ಲಿ ಅವರೂ ಹೀಗೆ ಮೈ ಒಣಗಿಸಿಯೇ ಕುಸ್ತಿ ಹಿಡಿದವರು. ನಾನು ಗೆಲ್ಲಬೇಕೆಂಬ ಆಸೆ ನನಗಿಂತ ಅವರಿಗೇ ಹೆಚ್ಚಿತ್ತು. “ಇಕಿನ್ನ ಕೇಳ್ರಿ. ಇಕಿ ಏನಂತಾಳ ಹಂಗ ಮಾಡೂಣು,” ಎಂದರು.

ಇಬ್ಬರೂ ನನ್ನನ್ನು ನೋಡಿದರು. “ನಾ ಓಡ್ತೇನ್ರಿ,” ಎಂದೆ. ಅತ್ತಿಯ ಮೇಲೆ ಸಿಟ್ಟೂ ಬಂದಿತ್ತು. ಗೆದ್ದೇ ಬಿಟ್ಟಿರುವ ಪದಕವನ್ನು ಇವರು ಯಾಕೆ ಕಸಿಯುತ್ತಿದ್ದಾರೆ ಎನಿಸಿತ್ತು.

ಲಾಡ್ಜಿನ ಹಿಂದೆ ಒಂದು ಮೈದಾನವಿತ್ತು. ಇಳಿಬಿಸಿಲು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಸುತ್ತು ಹೊಡೆಯತೊಡಗಿದೆ. ಅತ್ತಿ ತಡೆಯಲಿಲ್ಲ. ಕೆಂಪು ದಾರದ ಗಂಟು, ಒಂದು ಬಾಟಲಿ ನೀರು ತಂದು ಕಟ್ಟೆಯ ಮೇಲೆ ಕೂತರು. ಸುತ್ತುಗಳನ್ನು ಎಣಿಸುತ್ತಿದ್ದೆ. ಹನ್ನೆರಡು ಆದಮೇಲೆ ಏನು ಬರುತ್ತದೆ ಎಂಬುದು ಹೊಳೆಯಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದೆ. ಎಂಟರ ನಂತರ ಯಾವುದು? ಕಾಲುಗಳು ಎಲ್ಲೋ ದೂರದಲ್ಲಿ ಬೀಳುತ್ತಿದ್ದವು. ಅತ್ತಿಯ ಮುಂದೆ ಬಂದಾಗ ತಾನಾಗಿ ಕೂತುಬಿಟ್ಟೆ.

“ಎಷ್ಟ ಸುತ್ತ ಆದ್ವು?” ಕೇಳಿದರು.

“ಗೊತ್ತಿಲ್ರಿ.”

“ನಿಮ್ಮ ಅವ್ವನ ಹೆಸರೇನ?”

ಹೇಳಿದೆ. ಆದರೆ ಹೇಳುವುದಕ್ಕೆ ತಡವಾಯಿತು. ನನಗೇ ಹೆದರಿಕೆಯಾಗುವಷ್ಟು ತಡವಾಯಿತು.

“ನಾಳಿ ಎದುರಿನ ಹುಡುಗಿ ಬಂದ ಕಾಲ ಹಿಡೀತಾಳ. ಬಿಡಿಸ್ಕೊಳ್ಳೂದ ಹ್ಯಾಂಗಂತ ಸರ್ ಕಲಿಸ್ಯಾರಲಾ, ಅದ ಆವಾಗ ನೆಪ್ಪಾಗ್ತೈತೇನ?”

ನಾನು ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡೆ.

“ತಿನ್ನಂತ ನಾ ಅನ್ನಾಂಗಿಲ್ಲ. ಇಲ್ಲೇ ಇಡ್ತೇನಿ,” ಎಂದು ಗಂಟು ಬಿಚ್ಚಿ ಇಬ್ಬರ ನಡುವೆ ಇಟ್ಟರು.

ದಶಮಿಯ ಬೆಲ್ಲದ ವಾಸನೆ ಬಂತು. ಅವರು ಬೇರೆ ಕಡೆ ನೋಡುತ್ತಾ ಕೂತರು. ನಾನು ಸ್ವೆಟರ್ ಬಿಚ್ಚಿದೆ. ನೀರು ಕುಡಿದೆ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಅಳು ಬಂತು. ಅಳುತ್ತಲೇ ಎರಡು ದಶಮಿ ತಿಂದೆ. ಆಮೇಲೆ ನಾನೇ ಎದ್ದು ಸರ್ ಹತ್ತಿರ ಹೋದೆ. “ನಾಳಿ ಎಷ್ಟ ತೂಗ್ತೇನೋ ಅದರಾಗ ಹಿಡೀತೇನ್ರಿ,” ಎಂದೆ. ಸರ್ ಮಷಿನ್ನನ್ನು ಚೀಲಕ್ಕೆ ಹಾಕಿದರು.

ಮರುದಿನ ನಲವತ್ತೊಂಬತ್ತರವರೆಗಿನ ಮೇಲಿನ ಗುಂಪಿನಲ್ಲಿ ನನ್ನ ಹೆಸರು ಬಿತ್ತು. ತೂಕವಾದ ಕೂಡಲೇ ಅತ್ತಿ ಲಾಡ್ಜಿನ ಮಂಚದ ಮೇಲೆ ಪತ್ರಿಕೆ ಹಾಸಿ, ಮೊಳಕೆ ಹೆಸರು, ಅವಲಕ್ಕಿ, ಬಾಳೆಹಣ್ಣು ಇಟ್ಟರು. “ಅವಸರ ಮಾಡಬ್ಯಾಡ, ಅಗದ ತಿನ್ನ,” ಎಂದರು. ಮೊದಲಿನ ಎರಡು ಕುಸ್ತಿ ಗೆದ್ದೆ. ಮೂರನೆಯದೂ ಗೆದ್ದೆ. ಕೊನೆಯದರಲ್ಲಿ ಎದುರಾಳಿ ಹುಡುಗಿ ಬಂಡೆಯಂತಿದ್ದಳು. ಕೊನೆಯ ಗಳಿಗೆಯವರೆಗೂ ಅವಳನ್ನು ಬಿಡಲಿಲ್ಲ. ಒಂದೇ ಒಂದು ಅಂಕದಿಂದ ಸೋತೆ.

ನಲವತ್ತಾರರ ಗುಂಪಿನಲ್ಲಿ ಗೆದ್ದು ರಾಷ್ಟ್ರಮಟ್ಟಕ್ಕೆ ಹೋದವಳು ತಿಂಗಳ ಹಿಂದೆ ನಾನು ಸೋಲಿಸಿದ್ದ ಹುಡುಗಿ. ಇದನ್ನು ನುಂಗುವುದು ನನಗೆ ಆಗಲಿಲ್ಲ. ಊರಿಗೆ ಬಂದಮೇಲೆ ಅತ್ತಿಯೊಡನೆ ಮಾತು ಬಿಟ್ಟೆ. ಊಟದ ಸಾಲಿನಲ್ಲಿ ಅವರೆದುರು ತಾಟು ಹಿಡಿದಾಗಲೂ ಮುಖ ತಿರುವುತ್ತಿದ್ದೆ. ಅವರು ಒಂದು ಸೌಟು ಹೆಚ್ಚೇ ಹಾಕುತ್ತಿದ್ದರು.

“ಸಿಟ್ಟ ಮಾಡ್ಕೋ,” ಎಂದರು ಒಂದು ದಿನ. “ಉಂಡ ಸಿಟ್ಟ ಮಾಡ್ಕೋ.”

ತಡೆಯಲಾರದೆ ಅಡಿಗೆಮನೆಗೆ ಹೋಗಿ ಅಂದೇಬಿಟ್ಟೆ: “ನಿಮ್ಮಿಂದ ಸೋತೆ ನಾ.”

ಅವರು ಅಕ್ಕಿ ಕೇರುವುದನ್ನು ನಿಲ್ಲಿಸಿದರು. ಸಮಜಾಯಿಷಿ ಕೊಡುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. “ಹೌದು, ನನ್ನಿಂದನ. ಒಪ್ಕೋತೇನಿ,” ಎಂದರು. “ಮುಂದಿನ ವರ್ಷ ನಲವತ್ತೊಂಬತ್ತ ತುಂಬ ತೂಗಿ ಹೋಗು. ಅರ್ಧಾಮರ್ಧ ಹೋಗಬ್ಯಾಡ. ಅದಕ್ಕ ಏನ ತಿನ್ಬೇಕು ನಾ ನೋಡ್ತೇನಿ, ಹ್ಯಾಂಗ ಹಿಡೀಬೇಕು ಸರ್ ನೋಡ್ಲಿ.”

ಆ ವರ್ಷವಿಡೀ ಅವರು ಅದನ್ನೇ ಮಾಡಿದರು. ನಾನು ಪಿಯುಸಿಗೆ ಗಜೇಂದ್ರಗಡದ ಕಾಲೇಜು ಸೇರಿದೆ. ನನ್ನ ಬಸ್ಸು ಹಳೆಯ ಸಾಲೆಯ ಮುಂದೆಯೇ ಹಾದುಹೋಗುತ್ತಿತ್ತು. ಅತ್ತಿ ಗೇಟಿನ ಬಳಿ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ಮೊದಮೊದಲು ಕಂಡಕ್ಟರ್ ಗೊಣಗುತ್ತಿದ್ದ. ಆಮೇಲೆ ಅವನೇ ಗೇಟು ಬರುವ ಮುಂಚೆ ಸೀಟಿ ಊದಿ ಬಸ್ಸು ನಿಧಾನ ಮಾಡಿಸುತ್ತಿದ್ದ. ಕಿಟಕಿಯಿಂದ ತುಂಬಿದ ಡಬ್ಬಿ ಒಳಗೆ, ಹಿಂದಿನ ದಿನದ ಖಾಲಿ ಡಬ್ಬಿ ಹೊರಗೆ. ಭಾನುವಾರ ಸಾಲೆಯ ಮ್ಯಾಟಿನ ಮೇಲೆ ಸರ್ ಎದುರು. ಸರ್ ಕೂಡ ಬದಲಾಗಿದ್ದರು. ಹುಡುಗಿಯರನ್ನು ಪಂದ್ಯದ ಹಿಂದಿನ ದಿನ ತೂಗುವುದು ಬಿಟ್ಟು ಎರಡು ತಿಂಗಳ ಮುಂಚಿನಿಂದಲೇ ವಾರಕ್ಕೊಮ್ಮೆ ತೂಗಿ ಬರೆದಿಡುತ್ತಿದ್ದರು. ಬರೆದದ್ದನ್ನು ಅಡಿಗೆಮನೆಗೆ ಒಯ್ದು ಅತ್ತಿಗೆ ಓದಿ ಹೇಳುತ್ತಿದ್ದರು. ದಾವಣಗೆರೆಯ ಪಡಸಾಲೆಯ ಆ ಮಾತನ್ನು ಅವರಿಬ್ಬರೂ ಮತ್ತೆ ಎತ್ತಿದ್ದನ್ನು ನಾನು ಕೇಳಿಲ್ಲ.

ಮುಂದಿನ ವರ್ಷದ ಆಯ್ಕೆಗೆ ಅತ್ತಿ ಎರಡು ದಿನ ರಜೆ ಹಾಕಿ ನನ್ನ ಜೊತೆ ಬಂದರು. ಮತ್ತೆ ಅಂಥದೇ ಲಾಡ್ಜು, ಅಂಥದೇ ಮಂಚ, ಅದರ ಮೇಲೆ ಪತ್ರಿಕೆ. ಅವತ್ತು ನಾನು ನಾಲ್ಕು ಕುಸ್ತಿ ಹಿಡಿದು ನಾಲ್ಕನ್ನೂ ಗೆದ್ದೆ. ಕೊನೆಯ ಸೀಟಿ ಊದಿದಾಗ ಅತ್ತಿಯನ್ನು ಹುಡುಕಿದೆ. ಅವರು ಗ್ಯಾಲರಿಯಲ್ಲಿ ಪಕ್ಕದ ಜಿಲ್ಲೆಯ ಯಾವುದೋ ಹುಡುಗಿಗೆ ಶೇಂಗಾ ಕೊಡುತ್ತಾ, “ಎದರ ಜೋಡಿ ತಿಂದಿ?” ಎಂದು ವಿಚಾರಿಸುತ್ತಿದ್ದರು.

ರಾಷ್ಟ್ರಮಟ್ಟದಲ್ಲಿ ಮೊದಲ ಕುಸ್ತಿಯಲ್ಲೇ ಸೋತೆ. ಫೋನು ಮಾಡಿ ಹೇಳಿದೆ. “ಹೋಗ್ಲಿ ಬಿಡು. ಮುಂಜಾನೆ ಏನ ತಿಂದಿದ್ದಿ?” ಎಂದರು. ಪಟ್ಟಿ ಒಪ್ಪಿಸಿದೆ. “ಹಂಗಾರ ನಿಂತ ಸೋತೀದಿ,” ಎಂದು ಫೋನಿಟ್ಟರು.

ಈಗ ನಾನು ನರಗುಂದದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ನನ್ನ ಹುಡುಗಿಯರನ್ನು ಊರಾಚೆ ಕರೆದುಕೊಂಡು ಹೋಗುವಾಗ ಅವರಿಂದ ಕಲಿತ ಹಾಗೆಯೇ ಗಂಟು ಕಟ್ಟುತ್ತೇನೆ. ತೂಕ ಇಳಿಸಲು ಸ್ವೆಟರ್ ಹಾಕಿಸುವುದಿಲ್ಲ. ಇದರಿಂದ ಕೆಲವು ಪದಕ ತಪ್ಪಿವೆ. ಹೆಡ್‌ಮಾಸ್ತರರು ಕಾರಣ ಕೇಳುತ್ತಾರೆ, ಹೇಳುತ್ತೇನೆ.

ಅತ್ತಿಗೆ ಅರವತ್ತಾಯಿತು. ಕೆಲಸ ಮುಗಿಯಿತು. ಹಳೆಯ ಸಾಲೆಯವರು ಒಂದು ಶನಿವಾರ ಬೀಳ್ಕೊಡುಗೆ ಇಟ್ಟುಕೊಂಡರು. ಅಡಿಗೆಯವರಿಗೆ ಅಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು. ಶಾಮಿಯಾನ, ಹಾರ, ಶಾಲು, ಭಾಷಣ ಮಾಡಲು ಐದಾರು ಮಂದಿ. ನಾನೂ ನರಗುಂದದಿಂದ ಹೋದೆ. ವೇದಿಕೆಯ ನಡುವಿನ ಕುರ್ಚಿ ಖಾಲಿ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಕೊನೆಗೆ ಪಿ.ಟಿ. ಸರ್ ಫೋನು ಬಂತು, ವಿಜಯಪುರದಿಂದ. ಅಲ್ಲಿ ಅವತ್ತೇ ಹುಡುಗಿಯರ ಕುಸ್ತಿ ಇತ್ತು. ಅತ್ತಿ ಅವರ ಜೊತೆಗಿದ್ದರು. ಕೆಲಸದಿಂದ ಬಿಡುಗಡೆಯಾದವರನ್ನು ಸಾಲೆಯಿಂದ ಕಳಿಸಲು ಬರುವುದಿಲ್ಲ. ಅದಕ್ಕೆ ನಾಲ್ಕು ಹುಡುಗಿಯರ ತಾಯಂದಿರು ಸೇರಿ, ‘ನಮ್ಮ ಮಕ್ಕಳ ಜೋಡಿ ನಮ್ಮ ಪರವಾಗಿ ಇವರು ಬರುತ್ತಾರೆ’ ಎಂದು ಚೀಟಿ ಬರೆದು ಸಹಿ ಮಾಡಿಕೊಟ್ಟಿದ್ದರು.

ಹೊಸ ಹೆಡ್‌ಮಾಸ್ತರರಿಗೆ ಬೇಸರವಾಯಿತು. ಆದರೂ ಭಾಷಣಗಳು ನಡೆದವು. ಶಾಲು, ಹಾರ ನನ್ನ ಕೈಗೆ ಬಂದವು.

ಸೋಮವಾರ ಸಂಜೆ ಅಬ್ಬಿಗೇರಿಗೆ ಹೋದೆ. ಅತ್ತಿ ಪಡಸಾಲೆಯಲ್ಲಿ ಶೇಂಗಾ ಸಿಪ್ಪೆ ಕೇರುತ್ತಿದ್ದರು. ಇಬ್ಬರು ಹುಡುಗಿಯರು ಗೆದ್ದಿದ್ದರು, ಅದನ್ನೇ ಮೊದಲು ಹೇಳಿದರು.

“ಮಂದಿ ಎಲ್ಲಾ ನಿಮ್ಮ ಹಾದಿ ಕಾಯ್ದ್ರು ಅತ್ತಿ,” ಎಂದೆ. “ನಿಮ್ಮ ಬಗ್ಗೆ ಭಾಳ ಚಲೋ ಮಾತಾಡಿದ್ರು. ಒಂದ ಫೋನ್ ಆದ್ರೂ ಮಾಡಬಾರದೇನ್ರಿ?”

“ಮಾಡಿದ್ರ ದಿನಾ ಬದಲಿ ಮಾಡ್ತಿದ್ರು. ಅವ್ರಿಗಿ ಇಲ್ಲದ ತೊಂದ್ರಿ. ಚಲೋ ಮಾತಾಡಿದ್ರಲಾ, ಆತು. ನಾ ಇದ್ದಿದ್ರ ಅಷ್ಟ ಮಾತಾಡ್ತಿರಲಿಲ್ಲ.”

ಹಾರವನ್ನು ಬಾಗಿಲಿಗೆ ಕಟ್ಟೆಂದರು. ಶಾಲು ಬಿಚ್ಚಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದರು, ಕೆನ್ನೆಗೆ ಒತ್ತಿ ನೋಡಿದರು. ಹೊದಿಸಲೇ ಎಂದು ನಾನು ಎದ್ದೆ. ಅವರು ಆಗಲೇ ಅದನ್ನು ನಾಲ್ಕು ಮಡಿಕೆ ಮಾಡಿದ್ದರು.

“ಚಲೋ ಐತಿ, ಬೆಚ್ಚಗ ಐತಿ,” ಎಂದರು. “ಆ ಲಾಡ್ಜಿನ ಹೊದಿಕಿ ಕಂಡೀಯಲಾ, ಹೊಲಸ ನಾರ್ತಾವ. ಮನ್ನೆ ಒಂದ ಕೂಸು ಹೊದ್ಕೊಳ್ಳದ ನಡಗಿಕೋತ ಮಲಗಿತ್ತು.”

ಗೂಟಕ್ಕೆ ತೂಗು ಹಾಕಿದ್ದ ಚೀಲ ಇಳಿಸಿ, ಶಾಲನ್ನು ತಳದಲ್ಲಿಟ್ಟು, ಜಿಪ್ಪು ಎಳೆದರು. ಮತ್ತೆ ಮೊರ ಕೈಗೆ ತಗೊಂಡು ಕೇಳಿದರು:

“ನಿನ್ನ ಹುಡುಗ್ಯಾರ ಮುಂದಿನ ಕುಸ್ತಿ ಯಾವಾಗ?”